ಸಕ್ಕರೆ, ನೀರು ಎರಡೂ ಇರುವಾಗ ಆರ್ಡರ್ ಒಂದೇ ಹೇಗೆ?

ಸೆಕೆಂಡ್ ಪಿಯು, ಮಂಡ್ಯ

ಎಲ್ಲರಿಗೂ ನಮಸ್ಕಾರ. ಕೆಮಿಕಲ್ ಕೈನೆಟಿಕ್ಸ್, ಅಂದರೆ ರಾಸಾಯನಿಕ ಕ್ರಿಯೆಗಳ ವೇಗದ ಪಾಠ ಮುಗಿದು ಎರಡು ವಾರ ಆಯ್ತು. ಲೆಕ್ಕ ಬರುತ್ತೆ, ಸೂತ್ರಕ್ಕೆ ಸಂಖ್ಯೆ ಹಾಕಿ ಉತ್ತರ ತೆಗೀತೀನಿ. ಆದರೆ ಒಂದು ಕಡೆ ಸಿಕ್ಕಿಹಾಕಿಕೊಂಡು ಮುಂದೆ ಹೋಗೋಕೇ ಆಗ್ತಿಲ್ಲ.

ಸಕ್ಕರೆ ದ್ರಾವಣಕ್ಕೆ ಆಸಿಡ್ ಹಾಕಿದರೆ ಸಕ್ಕರೆ ನೀರಿನ ಜೊತೆ ಸೇರಿ ಗ್ಲೂಕೋಸ್, ಫ್ರಕ್ಟೋಸ್ ಆಗಿ ಒಡೆಯುತ್ತೆ. ಸಮೀಕರಣದ ಎಡಗಡೆ ಸಕ್ಕರೆಯ ಒಂದು ಅಣು, ನೀರಿನ ಒಂದು ಅಣು. ಇಬ್ಬರು ಸೇರಿ ಮಾಡುವ ಕೆಲಸ. ರೇಟ್, ಅಂದರೆ ಕ್ರಿಯೆಯ ವೇಗ, ಎಷ್ಟು ಸಾಂದ್ರತೆಗಳನ್ನು ಗುಣಿಸಿದ್ದಕ್ಕೆ ತಕ್ಕಂತೆ ಬದಲಾಗುತ್ತೆ ಅನ್ನೋದೇ ಆರ್ಡರ್. ಹಾಗಿದ್ದರೆ ಇದು ಸೆಕೆಂಡ್ ಆರ್ಡರ್ ಆಗಬೇಕಿತ್ತಲ್ಲ? ಪುಸ್ತಕದಲ್ಲಿ ಫಸ್ಟ್ ಆರ್ಡರ್ ಅಂತ ಇದೆ, ಮುಂದೆ ‘ಸೂಡೋ’ ಅಂತ ಒಂದು ಪದ ಸೇರಿಸಿದ್ದಾರೆ. ಟ್ಯೂಷನ್‌ನಲ್ಲಿ ಕೇಳಿದರೆ ‘ಹಾಗೇ ಬರ್ಕೋ, ಎರಡು ಮಾರ್ಕ್ಸ್‌ಗೆ ಬರುತ್ತೆ’ ಅಂದರು. ನೀರು ಎಲ್ಲಿಗೆ ಹೋಯ್ತು?

ಇನ್ನೊಂದು ವಿಷಯ. ರೇಟ್ ಬೇರೆ, ರೇಟ್ ಕಾನ್ಸ್ಟಂಟ್ ಬೇರೆ ಅಂತ ಬಾಯಿಪಾಠ ಇದೆ, ಮನಸ್ಸಿಗೆ ಮಾತ್ರ ಹತ್ತುತ್ತಿಲ್ಲ. ದಯವಿಟ್ಟು ಯಾರಾದರೂ ಬಿಡಿಸಿ ಹೇಳಿ.

ಕೆಮಿಸ್ಟ್ರಿ ಮೇಡಂ, ಮೈಸೂರು

ನೀರು ಎಲ್ಲಿಗೂ ಹೋಗಿಲ್ಲಮ್ಮ. ಇದ್ದಷ್ಟೂ ಹಾಗೇ ಇದೆ. ಅದೇ ಉತ್ತರ.

ಒಂದು ಲೀಟರ್ ನೀರಿನ ತೂಕ ಹೆಚ್ಚುಕಡಿಮೆ 1000 ಗ್ರಾಂ. ನೀರಿನ ಒಂದು ಮೋಲ್, ಅಂದರೆ ಅಣುಗಳ ಒಂದು ನಿಗದಿತ ಎಣಿಕೆ, 18 ಗ್ರಾಂ. ಭಾಗಿಸು, 55.5 ಮೋಲ್ ಬರುತ್ತೆ. ಅದಕ್ಕೆ 34.2 ಗ್ರಾಂ ಸಕ್ಕರೆ ಹಾಕು. ಸಕ್ಕರೆಯ ಒಂದು ಮೋಲ್ 342 ಗ್ರಾಂ, ಅಂದರೆ ನೀನು ಹಾಕಿದ್ದು 0.1 ಮೋಲ್. ಈಗ ಅಷ್ಟೂ ಸಕ್ಕರೆ ಒಡೆದು ಮುಗಿಯಿತು ಅಂದುಕೋ. ಸಕ್ಕರೆ 0.1ರಿಂದ ಸೊನ್ನೆಗೆ ಬಂತು. ನೀರು? 55.5ರಿಂದ 55.4ಕ್ಕೆ ಬಂತು. ಒಬ್ಬರ ಗಂಟು ಪೂರ್ತಿ ಕರಗಿದೆ, ಇನ್ನೊಬ್ಬರಿಗೆ ಖರ್ಚಾದದ್ದೇ ಗೊತ್ತಾಗಿಲ್ಲ.

ಹಾಗಾಗಿ ರೇಟ್ ಬರೆಯುವಾಗ ಸಕ್ಕರೆಯ ಸಾಂದ್ರತೆ, ನೀರಿನ ಸಾಂದ್ರತೆ ಎರಡನ್ನೂ ಗುಣಿಸಿದರೂ, ನೀರಿನದ್ದು ಬದಲಾಗದ ಸಂಖ್ಯೆ. ಬದಲಾಗದ್ದನ್ನು ಕಾನ್ಸ್ಟಂಟ್ ಒಳಗೆ ಸೇರಿಸಿಬಿಡುತ್ತೇವೆ. ಹೊರಗೆ ಕಾಣುವುದು ಸಕ್ಕರೆ ಒಂದೇ. ‘ಸೂಡೋ’ ಅಂದರೆ ಇಷ್ಟೇ: ನಿಜದಲ್ಲಿ ಇನ್ನೊಬ್ಬರೂ ಇದ್ದಾರೆ, ಆದರೆ ಅಳತೆಯಲ್ಲಿ ಕಾಣಿಸುತ್ತಿಲ್ಲ.

ಆ ಕಾನ್ಸ್ಟಂಟ್ ಒಳಗೆ ಇನ್ನೂ ಒಬ್ಬರಿದ್ದಾರೆ. ಆಸಿಡ್. ಅದು ಖರ್ಚೇ ಆಗಲ್ಲ, ಹಾಗಾಗಿ ಅದೂ ಒಳಗೆ ಸೇರಿಹೋಗಿದೆ. ಆಸಿಡ್ ಎರಡರಷ್ಟು ಮಾಡಿದರೆ ರೇಟ್ ಕಾನ್ಸ್ಟಂಟ್ ಹೆಚ್ಚುಕಡಿಮೆ ಎರಡರಷ್ಟಾಗುತ್ತೆ. ‘ಕಾನ್ಸ್ಟಂಟ್’ ಅನ್ನುವ ಹೆಸರು ನೋಡಿ ಜಗತ್ತಿಗೆಲ್ಲ ಒಂದೇ ಸಂಖ್ಯೆ ಅಂದುಕೊಳ್ಳಬಾರದು. ಆ ಆಸಿಡ್‌ಗೆ, ಆ ಉಷ್ಣತೆಗೆ ಮಾತ್ರ ಅದು ಸ್ಥಿರ.

ಇನ್ನು ಎರಡನೇ ಪ್ರಶ್ನೆ. ರೇಟ್ ಈ ಗಳಿಗೆಯ ಮಾತು, ಕಾನ್ಸ್ಟಂಟ್ ಆ ಕ್ರಿಯೆಯ ಸ್ವಭಾವ. ಕಾನ್ಸ್ಟಂಟ್ ನಿಮಿಷಕ್ಕೆ 0.01 ಅಂತಿಟ್ಟುಕೋ. ಅದರರ್ಥ, ಆ ಹೊತ್ತಿಗೆ ಎಷ್ಟು ಉಳಿದಿದೆಯೋ ಅದರ ನೂರರಲ್ಲಿ ಒಂದು ಪಾಲು ನಿಮಿಷಕ್ಕೆ ಒಡೆಯುವ ವೇಗದಲ್ಲಿದೆ. 100 ಗ್ರಾಂ ಇದ್ದಾಗ ನಿಮಿಷಕ್ಕೆ 1 ಗ್ರಾಂ. 50 ಉಳಿದಾಗ ಅರ್ಧ ಗ್ರಾಂ. 10 ಉಳಿದಾಗ 0.1 ಗ್ರಾಂ. ರೇಟ್ ಇಳಿಯುತ್ತಾ ಬಂತು, 0.01 ಹಾಗೇ ನಿಂತಿದೆ. ಅರ್ಧಾಯು, ಅಂದರೆ ಇದ್ದದ್ದು ಅರ್ಧ ಆಗಲು ಹಿಡಿಯುವ ಹೊತ್ತು, ಬೇಕಾದರೆ 0.693ನ್ನು 0.01ರಿಂದ ಭಾಗಿಸು, 69 ನಿಮಿಷ ಚಿಲ್ಲರೆ. 100ರಿಂದ 50ಕ್ಕೂ ಅಷ್ಟೇ ಹೊತ್ತು, 2ರಿಂದ 1ಕ್ಕೂ ಅಷ್ಟೇ ಹೊತ್ತು. ಫಸ್ಟ್ ಆರ್ಡರ್‌ನ ಗುರುತೇ ಇದು.

ಆಲೆಮನೆಯಣ್ಣ, ಪಾಂಡವಪುರ ಕಡೆ

ತಂಗಿ, ನಿನ್ನ ಪ್ರಶ್ನೆ ನಮ್ಮ ಆಲೆಮನೆ ಒಳಗೇ ಬಂದು ಕುಂತಂಗಾಯ್ತು. ನಾನು ಓದಿರೋದು ಹತ್ತನೇ ಕ್ಲಾಸು. ಆದ್ರೂ ಸಕ್ಕರೆ ಒಡೆಯೋದು ಅಂದ್ರೆ ಏನು ಅಂತ ಕೈ ಸುಟ್ಕೊಂಡು ಕಲ್ತಿದ್ದೀನಿ. ಮೇಡಂ ಓದ್ಲಿ ಅಂತ ಬರೀತಿದ್ದೀನಿ.

ಎರಡು ವರ್ಷದ ಹಿಂದೆ ಒಂದು ಲೋಡು ಕಬ್ಬು ಶುಕ್ರವಾರ ಕಡಿಸ್ದೊ. ಶನಿವಾರ ಟ್ರಾಕ್ಟರ್ ಆಕ್ಸಲ್ ಹೋಯ್ತು. ಭಾನುವಾರ ಮೆಕ್ಯಾನಿಕ್ ಸಿಗ್ಲಿಲ್ಲ. ಬಿಸಿಲು ಅಂದ್ರೆ ಬಿಸಿಲು. ಸೋಮವಾರ ಸಾಯಂಕಾಲ ಕಬ್ಬು ಗಾಣಕ್ಕೆ ಬಂತು. ಕಬ್ಬಿನ ಹಾಲು ನೋಡುದ್ರೆ ಏನೂ ವ್ಯತ್ಯಾಸ ಇಲ್ಲ. ಸಿಹಿ ನೋಡೋಕೆ ಇಟ್ಕೊಂಡಿರೋ ಬ್ರಿಕ್ಸ್ ಮೀಟರ್‌ಗೆ ಒಂದು ತೊಟ್ಟು ಬಿಟ್ಟು ನೋಡ್ದೆ, ಮಾಮೂಲಿಗಿಂತ ಒಂದು ಗೆರೆ ಜಾಸ್ತೀನೇ ಐತೆ! ಖುಷೀಲಿ ಕೊಪ್ಪರಿಗೆಗೆ ಬಿಟ್ಟು ಒಲೆ ಉರಿಸ್ದೊ.

ಪಾಕ ಬರೋ ಹೊತ್ತಿಗೆ ನಮ್ಮಪ್ಪ ಒಂದು ತಟಕು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉಜ್ಜಿ ನೋಡ್ದ. ಗೋಲಿ ಕಟ್ಟಬೇಕು, ಕಟ್ಲಿಲ್ಲ. ಇನ್ನೊಂದು ಸ್ವಲ್ಪ ಉರಿ ಕೊಟ್ಟೊ. ಆಗ್ಲೂ ಬೆರಳಿಗೆ ಜಿಗಿಜಿಗಿ ಅಂಟ್ಕೊಂಡೇ ಬತ್ತಿತ್ತು. ಇನ್ನೂ ಕಾಯ್ಸುದ್ರೆ ಸೀದೋಯ್ತದೆ ಅಂತ ಅಚ್ಚಿಗೆ ಹುಯ್ದೊ. ಬೆಳಗ್ಗೆ ಅಚ್ಚು ಬಿಚ್ಚುದ್ರೆ ಬೆಲ್ಲ ಹಲ್ವದಂಗೆ ಕುಂತೈತೆ. ಬೆರಳು ಒತ್ತುದ್ರೆ ಗುಣಿ ಬೀಳ್ತದೆ. ಮೂರು ದಿನಕ್ಕೆ ಗೋಣಿಚೀಲ ಎಲ್ಲಾ ಒದ್ದೆ. ಮಂಡಿಯವರು ಅರ್ಧ ರೇಟಿಗೆ ಕೇಳುದ್ರು, ಕೊಟ್ಟು ಬಂದೊ.

ನಮ್ಮಪ್ಪ ಅವತ್ತು ಬಯ್ಲಿಲ್ಲ. ‘ಕಡಿದ ಕಬ್ಬಿಗೆ ಎರಡನೇ ಬಿಸಿಲು ತೋರ್ಸಬಾರ್ದು ಕಣ್ಲಾ’ ಅಂದ ಅಷ್ಟೆ. ಬ್ರಿಕ್ಸ್ ಸರಿ ಇದ್ದು ಬೆಲ್ಲ ಯಾಕೆ ಕೂರ್ಲಿಲ್ಲ ಅಂತ ಇವತ್ತಿಗೂ ನನ್ನ ತಲೇಲಿ ಕೊರೀತಾನೇ ಐತೆ.

ನಿವೃತ್ತ ಶುಗರ್ ಕೆಮಿಸ್ಟ್, ಮಂಡ್ಯ

ಅಣ್ಣಾ, ನಿಮ್ಮ ಬ್ರಿಕ್ಸ್ ಮೀಟರ್ ಸುಳ್ಳು ಹೇಳಿಲ್ಲ. ನೀವು ಕೇಳಿದ ಪ್ರಶ್ನೆಗೆ ಅದು ಉತ್ತರ ಕೊಡಲ್ಲ ಅಷ್ಟೆ. ಹಾಲಿನಲ್ಲಿ ಕರಗಿರುವುದು ಒಟ್ಟು ಎಷ್ಟು ಅಂತ ಅದು ಹೇಳುತ್ತೆ, ಆ ಕರಗಿದ್ದು ಸಕ್ಕರೆಯೋ, ಸಕ್ಕರೆ ಒಡೆದು ಆದ ಗ್ಲೂಕೋಸ್, ಫ್ರಕ್ಟೋಸೋ ಅಂತ ಅದಕ್ಕೆ ಗೊತ್ತಾಗಲ್ಲ. ಮೇಲಾಗಿ ಬಿಸಿಲಿಗೆ ಕಬ್ಬಿನ ನೀರು ಆರಿರುತ್ತೆ, ಅದಕ್ಕೇ ಒಂದು ಗೆರೆ ಜಾಸ್ತಿ ತೋರಿಸಿತು.

ಕಾರ್ಖಾನೆ ಲ್ಯಾಬಿನಲ್ಲಿ ನಾವು ಬ್ರಿಕ್ಸ್ ಜೊತೆಗೆ ಪೋಲ್, ಅಂದರೆ ಒಡೆಯದ ಸಕ್ಕರೆ ಎಷ್ಟಿದೆ ಅನ್ನುವ ಅಳತೆ, ನೋಡುತ್ತಿದ್ದದ್ದು ಇದಕ್ಕೇ. ಪೋಲ್‌ನ ಬ್ರಿಕ್ಸ್‌ನಿಂದ ಭಾಗಿಸಿದರೆ ಪ್ಯೂರಿಟಿ. ಹಳೇ ಕಬ್ಬು ಬಂದ ದಿನ ಬ್ರಿಕ್ಸ್ ನಿಂತಿರುತ್ತೆ, ಪೋಲ್ ಜಾರಿರುತ್ತೆ. ಒಡೆದ ಸಕ್ಕರೆಗೆ ಇನ್ವರ್ಟ್ ಶುಗರ್ ಅಂತೀವಿ. ಅದು ಸುಲಭಕ್ಕೆ ಹರಳುಗಟ್ಟಲ್ಲ, ಗಾಳಿಯ ತೇವ ಎಳೆದುಕೊಳ್ಳುತ್ತೆ. ನಿಮ್ಮ ಬೆಲ್ಲ ಹಲ್ವದ ಥರ ಕೂತದ್ದು, ಗೋಣಿಚೀಲ ಒದ್ದೆಯಾದದ್ದು ಎರಡೂ ಅದರಿಂದಲೇ.

ಕೂಸೇ, ನೀನು ಓದುತ್ತಿರುವ ಪಾಠ ಹುಟ್ಟಿದ್ದೇ ಕಬ್ಬಿನ ಸಕ್ಕರೆಯಲ್ಲಿ ಅಂತ ನಿನಗೆ ಯಾರಾದರೂ ಹೇಳಿದ್ದಾರಾ? 1850ರಲ್ಲಿ ಜರ್ಮನಿಯ ಲುಡ್ವಿಗ್ ವಿಲ್ಹೆಲ್ಮಿ ಸಕ್ಕರೆ ದ್ರಾವಣಕ್ಕೆ ಆಸಿಡ್ ಹಾಕಿ, ಹೊತ್ತು ಹೊತ್ತಿಗೆ ಎಷ್ಟು ಸಕ್ಕರೆ ಉಳಿದಿದೆ ಅಂತ ಅಳೆದ. ಯಾವುದೇ ಗಳಿಗೆಯಲ್ಲಿ ಒಡೆಯುವ ವೇಗ, ಆ ಗಳಿಗೆಯಲ್ಲಿ ಉಳಿದ ಸಕ್ಕರೆಯ ಪ್ರಮಾಣಕ್ಕೆ ತಕ್ಕಂತೆ ಇದೆ ಅಂತ ಕಂಡುಕೊಂಡು ಗಣಿತದಲ್ಲಿ ಬರೆದ. ರಾಸಾಯನಿಕ ಕ್ರಿಯೆಯ ವೇಗವನ್ನು ಲೆಕ್ಕಕ್ಕೆ ತಂದ ಮೊದಲ ಕೆಲಸ ಅದು. ಆಮೇಲೆ 1889ರಲ್ಲಿ ಸ್ವೀಡನ್ನಿನ ಅರೇನಿಯಸ್ ಉಷ್ಣತೆಗೂ ವೇಗಕ್ಕೂ ಇರುವ ಸಂಬಂಧ ಬರೆದದ್ದೂ ಇದೇ ಕಬ್ಬಿನ ಸಕ್ಕರೆ ಆಸಿಡ್‌ನಲ್ಲಿ ಒಡೆಯುವ ಕ್ರಿಯೆಯ ಮೇಲೆ. 1913ರಲ್ಲಿ ಮಿಖಾಯೆಲಿಸ್, ಮೆಂಟೆನ್ ಇಬ್ಬರೂ ಕಿಣ್ವದ ವೇಗಕ್ಕೆ ಸೂತ್ರ ಕೊಟ್ಟದ್ದು ಇನ್ವರ್ಟೇಸ್ ಮೇಲೆ. ಅದು ಸಕ್ಕರೆ ಒಡೆಯುವ ಕಿಣ್ವ. ಮೂರು ದೊಡ್ಡ ಹೆಜ್ಜೆ, ಮೂರೂ ನಮ್ಮ ಗದ್ದೆಯ ಪದಾರ್ಥದ ಮೇಲೆ. ಮಂಡ್ಯದ ಮಕ್ಕಳಿಗೆ ಈ ಪಾಠವನ್ನು ಇಲ್ಲಿಂದಲೇ ಶುರು ಮಾಡಬೇಕು ಅಂತ ನನಗೆ ಬಹಳ ವರ್ಷದಿಂದ ಆಸೆ.

ಸೆಕೆಂಡ್ ಪಿಯು, ಮಂಡ್ಯ

ಸರ್, ಯಾರೂ ಹೇಳಿರಲಿಲ್ಲ. ಆದರೆ ಉಳಿದ ಸಕ್ಕರೆಯನ್ನು ಅಳೆಯೋದು ಹೇಗೆ? ಮಧ್ಯೆ ನಿಲ್ಲಿಸಿ ತೆಗೆದು ತೂಕ ಮಾಡೋಕೆ ಆಗಲ್ವಲ್ಲ.

ನಿವೃತ್ತ ಶುಗರ್ ಕೆಮಿಸ್ಟ್, ಮಂಡ್ಯ

ಬಹಳ ಒಳ್ಳೇ ಪ್ರಶ್ನೆ. ಮುಟ್ಟದೇ ಅಳೆಯಬೇಕು. ವಿಲ್ಹೆಲ್ಮಿಯ ಜಾಣತನ ಇದ್ದದ್ದೇ ಅಲ್ಲಿ.

ಪೋಲಾರಿಮೀಟರ್ ಅಂತ ಒಂದು ಉಪಕರಣ. ಒಂದು ತುದಿಯಲ್ಲಿ ಸೋಡಿಯಂ ದೀಪದ ಹಳದಿ ಬೆಳಕು, ನಡುವೆ ದ್ರಾವಣ ತುಂಬಿದ ಗಾಜಿನ ಕೊಳವೆ, ಈ ತುದಿಯಲ್ಲಿ ನಿನ್ನ ಕಣ್ಣು. ಸಕ್ಕರೆ ದ್ರಾವಣ ಧ್ರುವೀಕೃತ ಬೆಳಕನ್ನು, ಅಂದರೆ ಒಂದೇ ಸಮತಲದಲ್ಲಿ ಕಂಪಿಸುವ ಬೆಳಕನ್ನು, ಬಲಕ್ಕೆ ತಿರುಗಿಸುತ್ತೆ. ಒಡೆದ ಮೇಲೆ ಗ್ಲೂಕೋಸ್ ಬಲಕ್ಕೆ ಎಳೆಯುತ್ತೆ, ಫ್ರಕ್ಟೋಸ್ ಅದಕ್ಕಿಂತ ಜೋರಾಗಿ ಎಡಕ್ಕೆ ಎಳೆಯುತ್ತೆ, ಹಾಗಾಗಿ ಒಟ್ಟು ಎಡಕ್ಕೆ. ಬಲದಿಂದ ಎಡಕ್ಕೆ ಮಗುಚಿಕೊಂಡಿತಲ್ಲ, ‘ಇನ್ವರ್ಷನ್’ ಅನ್ನುವ ಹೆಸರು ಬಂದದ್ದು ಅದಕ್ಕೇ. ಗುಂಡಿ ತಿರುಗಿಸುತ್ತಾ ಹೋದರೆ ಒಳಗೆ ಕಾಣುವ ವೃತ್ತದ ಎರಡು ಭಾಗ, ಒಂದು ಕಪ್ಪು ಒಂದು ತಿಳಿ, ನಿಧಾನಕ್ಕೆ ಒಂದೇ ಮಬ್ಬಾಗುತ್ತವೆ. ಅಲ್ಲಿ ನಿಲ್ಲಿಸಿ ಡಿಗ್ರಿ ಓದಬೇಕು. ಕಣ್ಣಿಗೆ ಅಭ್ಯಾಸ ಆಗಲು ಒಂದು ವಾರ ಬೇಕು. ನನಗೆ ಹತ್ತು ದಿನ ಹಿಡಿಯಿತು.

100 ಮಿಲಿಯಲ್ಲಿ 20 ಗ್ರಾಂ ಸಕ್ಕರೆ, 20 ಸೆಂಟಿಮೀಟರ್ ಕೊಳವೆ ಅಂದರೆ ಶುರುವಿನ ರೀಡಿಂಗ್ ಸುಮಾರು +26.6 ಡಿಗ್ರಿ. ಪೂರ್ತಿ ಒಡೆದ ಮೇಲೆ ಸುಮಾರು −8.3. ಈಗ ಹೇಳು, ರೀಡಿಂಗ್ ಸೊನ್ನೆ ತೋರಿಸಿದಾಗ ಎಷ್ಟು ಸಕ್ಕರೆ ಉಳಿದಿರುತ್ತೆ?

ಸೆಕೆಂಡ್ ಪಿಯು, ಮಂಡ್ಯ

ಅರ್ಧ?

ನಿವೃತ್ತ ಶುಗರ್ ಕೆಮಿಸ್ಟ್, ಮಂಡ್ಯ

ಹೊಸದಾಗಿ ಲ್ಯಾಬಿಗೆ ಬಂದ ಹುಡುಗರೆಲ್ಲ ಹಾಗೇ ಹೇಳುತ್ತಿದ್ದರು. ಒಟ್ಟು ಪಯಣ 26.6ರಿಂದ −8.3ರವರೆಗೆ, ಅಂದರೆ 34.9 ಡಿಗ್ರಿ. ಸೊನ್ನೆಯಿಂದ ಕೊನೆಗೆ ಇನ್ನು 8.3 ಬಾಕಿ. 8.3ನ್ನು 34.9ರಿಂದ ಭಾಗಿಸು, ಸುಮಾರು 0.24. ನೂರಕ್ಕೆ 24 ಪಾಲು ಮಾತ್ರ ಉಳಿದಿದೆ, ಮುಕ್ಕಾಲು ಭಾಗ ಆಗಲೇ ಒಡೆದುಹೋಗಿದೆ. ಅರ್ಧ ಉಳಿದಾಗ ರೀಡಿಂಗ್ +9ರ ಹತ್ತಿರ ಇರುತ್ತೆ. ನೀನು ಅಳೆಯಬೇಕಾದದ್ದು ಸೊನ್ನೆಯಿಂದ ದೂರವನ್ನಲ್ಲ, ಕೊನೆಯ ರೀಡಿಂಗ್‌ನಿಂದ ದೂರವನ್ನು.

ಎಂಎಸ್ಸಿ, ಮಾನಸಗಂಗೋತ್ರಿ

ಒಂದು ಮಾತು ಸೇರಿಸಲಾ? ‘ಹತ್ತು ಡಿಗ್ರಿ ಏರಿದರೆ ವೇಗ ಎರಡರಷ್ಟು’ ಅಂತ ನಾವೆಲ್ಲ ಪಿಯುನಲ್ಲಿ ಕಲಿತಿದ್ದೇವೆ. ಅದು ಎಲ್ಲ ಕ್ರಿಯೆಗೂ ಒಪ್ಪುವ ನಿಯಮ ಅಲ್ಲ. ಆಕ್ಟಿವೇಶನ್ ಎನರ್ಜಿ, ಅಂದರೆ ಕ್ರಿಯೆ ನಡೆಯಲು ಬೇಕಾದ ಕನಿಷ್ಠ ಶಕ್ತಿ, ಮೋಲಿಗೆ 50 ಕಿಲೋಜೂಲ್ ಆಸುಪಾಸು ಇದ್ದು, ಉಷ್ಣತೆ ನಮ್ಮ ಕೋಣೆಯದ್ದೇ ಆಗಿದ್ದರೆ ಮಾತ್ರ ಆ ಎರಡು ಬರುತ್ತೆ. ಆಸಿಡ್‌ನಲ್ಲಿ ಸಕ್ಕರೆ ಒಡೆಯಲು ಬೇಕಾದದ್ದು ಸುಮಾರು 108 ಕಿಲೋಜೂಲ್. ಅರೇನಿಯಸ್ ಸೂತ್ರದಲ್ಲಿ 300 ಕೆಲ್ವಿನ್, 310 ಕೆಲ್ವಿನ್ ಹಾಕಿ ನೋಡಿದೆ. ಎರಡಲ್ಲ, ನಾಲ್ಕರಷ್ಟು ಬಂತು.

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಇನ್ನೊಂದು ಲೆಕ್ಕ. 300ರಿಂದ 310 ಕೆಲ್ವಿನ್‌ಗೆ ಹೋದರೆ ಅಣುಗಳ ಓಟ ಎಷ್ಟು ಹೆಚ್ಚುತ್ತೆ? ಉಷ್ಣತೆಯ ವರ್ಗಮೂಲದಷ್ಟು, ಅಂದರೆ ನೂರಕ್ಕೆ 1.6 ಅಷ್ಟೆ. ಡಿಕ್ಕಿ ಹೊಡೆಯೋದು ಅಷ್ಟೇ ಹೆಚ್ಚಿದೆ, ಕ್ರಿಯೆ ಮಾತ್ರ ನಾಲ್ಕರಷ್ಟು. ಹಾಗಾದರೆ ವೇಗ ಹೆಚ್ಚಿಸಿದ್ದು ಡಿಕ್ಕಿಗಳ ಎಣಿಕೆ ಅಲ್ಲ. ಬಹುಪಾಲು ಡಿಕ್ಕಿ ಸುಮ್ಮನೆ ತಾಗಿ ಹೋಗುವಂಥವು. ಬಂಧ ಮುರಿಯುವಷ್ಟು ಶಕ್ತಿ ಇರುವ ಡಿಕ್ಕಿ ಕೋಟಿಗೊಂದೂ ಇರಲ್ಲ. ಉಷ್ಣತೆ ಸ್ವಲ್ಪ ಏರಿದರೂ ಆ ಅಪರೂಪದವರ ಸಂಖ್ಯೆ ಹಲವು ಪಟ್ಟು ಆಗುತ್ತೆ. ಸೂತ್ರದಲ್ಲಿ ಉಷ್ಣತೆ ಘಾತದ ಮೇಲೆ ಕೂತಿರುವುದರ ಅರ್ಥ ಇದೇ ಅಂತ ನನಗೆ ಎಂಎಸ್ಸಿಗೆ ಬಂದ ಮೇಲೆ ಹೊಳೆಯಿತು.

ಆಲೆಮನೆಯಣ್ಣ, ಪಾಂಡವಪುರ ಕಡೆ

ಹತ್ತು ಡಿಗ್ರಿಗೆ ನಾಲ್ಕರಷ್ಟಾ? ಹಂಗಾದ್ರೆ ನಾವು ಕೊಪ್ಪರಿಗೇಲಿ ಕುದಿಸ್ತೀವಲ್ಲ ಸಾರ್, ಅಲ್ಲಿ ಏನಾಯ್ತದೆ?

ಎಂಎಸ್ಸಿ, ಮಾನಸಗಂಗೋತ್ರಿ

ಅಣ್ಣ, ಲೆಕ್ಕ ಹಾಕಿದೆ. 27 ಡಿಗ್ರಿಯಿಂದ 100 ಡಿಗ್ರಿಗೆ ಹೋದರೆ ಇದೇ ಸೂತ್ರದಲ್ಲಿ ವೇಗ ನಾಲ್ಕು ಸಾವಿರದ ಏಳುನೂರು ಪಟ್ಟಿಗೂ ಹೆಚ್ಚು. ಇಲ್ಲಿ ಒಂದು ದಿನಕ್ಕೆ ಒಡೆಯುವಷ್ಟು ಸಕ್ಕರೆ ಅಲ್ಲಿ ಇಪ್ಪತ್ತು ಸೆಕೆಂಡ್‌ಗೂ ಮುಂಚೆ ಒಡೆಯುತ್ತೆ. ಹುಳಿ ಅಷ್ಟೇ ಇದ್ದರೆ.

ಆಲೆಮನೆಯಣ್ಣ, ಪಾಂಡವಪುರ ಕಡೆ

ಅದಕ್ಕೇ ಸುಣ್ಣ!

ನಿವೃತ್ತ ಶುಗರ್ ಕೆಮಿಸ್ಟ್, ಮಂಡ್ಯ

ಅದಕ್ಕೇ ಸುಣ್ಣ. ಸರಿಯಾಗಿ ಹಿಡಿದಿರಿ ಅಣ್ಣ.

ಕಬ್ಬಿನ ಹಾಲು ಹುಟ್ಟಾ ಸ್ವಲ್ಪ ಹುಳಿ, ಪಿಎಚ್ (ಹುಳಿಯ ಅಳತೆ, ಕಡಿಮೆ ಇದ್ದಷ್ಟೂ ಹುಳಿ ಹೆಚ್ಚು) ಐದೂ ಕಾಲರ ಸುತ್ತಮುತ್ತ. ಸುಣ್ಣದ ತಿಳಿ ಹಾಕಿ ಪಿಎಚ್ ಒಂದು ಏರಿಸಿದರೆ ಹುಳಿಯ ಅಯಾನು ಹತ್ತನೇ ಒಂದು ಪಾಲಿಗೆ ಇಳಿಯುತ್ತೆ. ಮೇಡಂ ಹೇಳಿದಂತೆ ಆಸಿಡ್ ಕಾನ್ಸ್ಟಂಟ್ ಒಳಗೆ ಕೂತಿದೆಯಲ್ಲ, ಹಾಗಾಗಿ ಸಕ್ಕರೆ ಒಡೆಯುವ ವೇಗವೂ ಹತ್ತನೇ ಒಂದು ಪಾಲು. ಬೆಂಕಿ ಸಾವಿರಾರು ಪಟ್ಟು ಏರಿಸಿದ್ದನ್ನು ಸುಣ್ಣ ಹತ್ತು ಪಟ್ಟು ಇಳಿಸುತ್ತೆ. ಉಳಿದದ್ದನ್ನು ನೀವು ಬೇಗ ಬೇಗ ಕುದಿಸಿ ಇಳಿಸುವ ಕೈಚಳಕದಿಂದ ಉಳಿಸಿಕೊಳ್ಳುತ್ತೀರಿ. ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಕಾಯಿಸಿದ ಪಾಕ ಯಾಕೆ ಕೆಡುತ್ತೆ ಅನ್ನುವುದಕ್ಕೂ ಇದೇ ಕಾರಣ.

ಸುಣ್ಣ ಮಿತಿ ಮೀರಿದರೆ ಇನ್ನೊಂದು ಕಷ್ಟ. ಕ್ಷಾರದಲ್ಲಿ ಗ್ಲೂಕೋಸ್, ಫ್ರಕ್ಟೋಸ್ ಕೆಟ್ಟು ಬಣ್ಣ ಕಟ್ಟುತ್ತವೆ. ಒಂದು ಕ್ರಿಯೆಯನ್ನು ನಿಧಾನ ಮಾಡಲು ಹೋಗಿ ಇನ್ನೊಂದನ್ನು ಜೋರು ಮಾಡಿದಂತೆ.

ಆಲೆಮನೆಯಣ್ಣ, ಪಾಂಡವಪುರ ಕಡೆ

ನಿಜ ಸಾರ್. ಹೊಸ ಆಳು ಒಂದ್ಸಲ ಸುಣ್ಣ ಜಾಸ್ತಿ ಹುಯ್ದು ಬೆಲ್ಲ ಕಾಡಿಗೆಯಂಗಾಗಿತ್ತು.

ಆದ್ರೆ ನನ್ನ ಕಬ್ಬು ಕೆಟ್ಟಿದ್ದು ಕೊಪ್ಪರಿಗೇಲಿ ಅಲ್ವಲ್ಲ, ಗದ್ದೇಲೇ. ಅಲ್ಲಿ ಬೆಂಕಿ ಇರ್ಲಿಲ್ಲ, ಆಸಿಡ್ಡೂ ಹಾಕಿರ್ಲಿಲ್ಲ.

ಕೆಮಿಸ್ಟ್ರಿ ಮೇಡಂ, ಮೈಸೂರು

ಅಲ್ಲಿ ಕೆಲಸ ಮಾಡಿದ್ದು ಕಿಣ್ವ. ಕಬ್ಬಿನ ಒಳಗೇ ಇನ್ವರ್ಟೇಸ್ ಇರುತ್ತೆ. ಕಡಿದ ತುದಿಯಿಂದ ಒಳಹೊಕ್ಕ ಬ್ಯಾಕ್ಟೀರಿಯಾಗಳೂ ಜೊತೆ ಸೇರುತ್ತವೆ.

ವೇಗವರ್ಧಕ ಅಂದರೆ ಏನು ಅಂತ ಇಲ್ಲಿ ಚೆನ್ನಾಗಿ ಕಾಣುತ್ತೆ. ಹುಳಿ ಇಲ್ಲದ, ಕಿಣ್ವ ಇಲ್ಲದ ಶುದ್ಧ ನೀರಿನಲ್ಲಿ 25 ಡಿಗ್ರಿಯಲ್ಲಿ ಸಕ್ಕರೆ ಇಟ್ಟರೆ ಅರ್ಧ ಒಡೆಯಲು ನೂರಾರು ವರ್ಷ ಬೇಕು. ಒಡೆಯುವುದು ಶಕ್ತಿಯ ಲೆಕ್ಕದಲ್ಲಿ ಲಾಭವೇ, ಆದರೂ ಒಡೆಯಲ್ಲ. ಆಗುತ್ತಾ ಅನ್ನುವುದು ಒಂದು ಪ್ರಶ್ನೆ, ಎಷ್ಟು ಬೇಗ ಅನ್ನುವುದು ಬೇರೆಯೇ ಪ್ರಶ್ನೆ. ಕೈನೆಟಿಕ್ಸ್ ಪೂರ್ತಿ ಎರಡನೆಯದರದ್ದು. ಸಕ್ಕರೆಯ ಎರಡು ಉಂಗುರಗಳ ನಡುವೆ ಸೇತುವೆಯಂತೆ ಒಂದು ಆಮ್ಲಜನಕ ಇದೆ. ಆಸಿಡ್‌ನ ಹೈಡ್ರೋಜನ್ ಅಯಾನು ಹೋಗಿ ಆ ಆಮ್ಲಜನಕದ ಮೇಲೆ ಕೂರುತ್ತೆ. ಕೂತ ತಕ್ಷಣ ಬಂಧ ಸಡಿಲವಾಗುತ್ತೆ, ಕಡಿಮೆ ಶಕ್ತಿಗೇ ಮುರಿಯುತ್ತೆ. ಕೆಲಸ ಮುಗಿದ ಮೇಲೆ ಅಯಾನು ಎದ್ದು ಹೊರಗೆ ಬರುತ್ತೆ, ಮುಂದಿನ ಸಕ್ಕರೆಗೆ ಹೋಗುತ್ತೆ. ಕಿಣ್ವ ಇದೇ ಕೆಲಸವನ್ನು ಇನ್ನೂ ಕಡಿಮೆ ಶಕ್ತಿಗೆ ಮಾಡಿಸುತ್ತೆ.

ಡಿಗ್ರಿ ಹುಡುಗ, ಶ್ರೀರಂಗಪಟ್ಟಣ

ಮೇಡಂ, ವೇಗವರ್ಧಕ ಜಾಸ್ತಿ ಹಾಕಿದರೆ ಕೊನೆಗೆ ಸಿಗುವ ಉತ್ಪನ್ನವೂ ಜಾಸ್ತಿಯಾಗುತ್ತಾ?

ಕೆಮಿಸ್ಟ್ರಿ ಮೇಡಂ, ಮೈಸೂರು

ಇಲ್ಲಪ್ಪ. ಸಮತೋಲನ ಇರುವ ಜಾಗ ಕದಲಲ್ಲ. ಮುಂದೆ ಹೋಗುವ ವೇಗ, ಹಿಂದೆ ಬರುವ ವೇಗ ಎರಡನ್ನೂ ಅದು ಒಂದೇ ಪ್ರಮಾಣದಲ್ಲಿ ಹೆಚ್ಚಿಸುತ್ತೆ. ಅಲ್ಲಿಗೆ ಬೇಗ ತಲುಪುತ್ತೀಯ ಅಷ್ಟೆ.

ಪಿಯು ಲೆಕ್ಚರರ್, ಮದ್ದೂರು

ಎಲ್ಲರೂ ಚೆನ್ನಾಗಿ ಬರೆಯುತ್ತಿದ್ದೀರಿ. ಮಗು ಪರೀಕ್ಷೆ ಬರೆಯಬೇಕು, ಹಾಗಾಗಿ ಒಂದು ಗೊಂದಲ ಇಲ್ಲೇ ಬಿಡಿಸುತ್ತೇನೆ. ಮೊದಲ ಪ್ರಶ್ನೆಯಲ್ಲಿ ಅವಳು ಸಮೀಕರಣದ ಎಡಗಡೆ ಎಣಿಸಿ ಆರ್ಡರ್ ಹೇಳಲು ಹೋದಳು. ನೂರಕ್ಕೆ ತೊಂಬತ್ತು ಮಕ್ಕಳು ಇದೇ ತಪ್ಪು ಮಾಡುತ್ತಾರೆ ಅಂದರೆ ಹೆಚ್ಚಲ್ಲ, ಇಪ್ಪತ್ತು ವರ್ಷ ಪೇಪರ್ ತಿದ್ದಿದ ಕೈ ನನ್ನದು. ಒಂದು ಹೆಜ್ಜೆಯಲ್ಲಿ ಎಷ್ಟು ಅಣು ಒಟ್ಟಿಗೆ ಸೇರುತ್ತವೆ ಅನ್ನುವುದು ಮಾಲಿಕ್ಯುಲಾರಿಟಿ. ಅದು ಯಾವಾಗಲೂ ಪೂರ್ಣ ಸಂಖ್ಯೆ, ಸೊನ್ನೆ ಆಗಲ್ಲ. ಆರ್ಡರ್ ಪ್ರಯೋಗದಿಂದ ಬರಬೇಕು. ಅದು ಸೊನ್ನೆ ಆಗಬಹುದು, ಒಂದೂವರೆಯೂ ಆಗಬಹುದು.

ಒಂದು ಉದಾಹರಣೆ ನೆನಪಿಟ್ಟುಕೋ. ನೈಟ್ರೋಜನ್ ಡೈಆಕ್ಸೈಡ್ ಮತ್ತು ಕಾರ್ಬನ್ ಮಾನಾಕ್ಸೈಡ್ ಸೇರಿದರೆ ನೈಟ್ರಿಕ್ ಆಕ್ಸೈಡ್, ಕಾರ್ಬನ್ ಡೈಆಕ್ಸೈಡ್. ಎಡಗಡೆ ಒಂದೊಂದೇ ಇವೆ. ಆದರೆ ತೀರಾ ಹೆಚ್ಚಲ್ಲದ ಉಷ್ಣತೆಯಲ್ಲಿ ಅಳೆದಾಗ ರೇಟ್ ನೈಟ್ರೋಜನ್ ಡೈಆಕ್ಸೈಡ್‌ನ ವರ್ಗಕ್ಕೆ ತಕ್ಕಂತೆ, ಕಾರ್ಬನ್ ಮಾನಾಕ್ಸೈಡ್ ಎಷ್ಟಿದ್ದರೂ ಲೆಕ್ಕಕ್ಕಿಲ್ಲ! ಯಾಕೆ? ಕೆಲಸ ಎರಡು ಹೆಜ್ಜೆಯಲ್ಲಿ ನಡೆಯುತ್ತೆ. ನಿಧಾನದ ಮೊದಲ ಹೆಜ್ಜೆಯಲ್ಲಿ ನೈಟ್ರೋಜನ್ ಡೈಆಕ್ಸೈಡ್‌ನ ಎರಡು ಅಣುಗಳೇ ಗುದ್ದಾಡುತ್ತವೆ. ಕಾರ್ಬನ್ ಮಾನಾಕ್ಸೈಡ್ ಬರುವುದು ಆಮೇಲಿನ ಬೇಗದ ಹೆಜ್ಜೆಗೆ.

ಆಲೆಮನೆಯಣ್ಣ, ಪಾಂಡವಪುರ ಕಡೆ

ಮೇಷ್ಟ್ರೇ, ಇದು ನಮ್ಮ ಕೆಲಸದಂಗೇ ಐತೆ. ಗಾಣ ಬೇಗ ಅರೀತದೆ, ಅಚ್ಚು ಹುಯ್ಯೋದು ಬೇಗ. ಕೊಪ್ಪರಿಗೆ ಕುದಿಯೋದೇ ನಿಧಾನ. ಅಚ್ಚು ಹುಯ್ಯೋಕೆ ನಾಲ್ಕು ಜನ ಜಾಸ್ತಿ ಬಿಟ್ರೂ ದಿನಕ್ಕೆ ಒಂದು ಕೊಪ್ಪರಿಗೇನೂ ಜಾಸ್ತಿ ಆಗಲ್ಲ. ಸರಿನಾ?

ಪಿಯು ಲೆಕ್ಚರರ್, ಮದ್ದೂರು

ಸರಿ ಅಣ್ಣ. ಸ್ಲೋ ಸ್ಟೆಪ್ಪೇ ರೇಟ್ ತೀರ್ಮಾನಿಸುತ್ತೆ ಅಂತ ಪುಸ್ತಕದಲ್ಲಿ ಇರುವುದು ಇದನ್ನೇ. ನಾಳೆ ಕ್ಲಾಸಿನಲ್ಲಿ ಹೀಗೇ ಹೇಳುತ್ತೇನೆ.

ಸೆಕೆಂಡ್ ಪಿಯು, ಮಂಡ್ಯ

ಆರ್ಡರ್ ಸೊನ್ನೆ ಅಂದರೆ ಇನ್ನೂ ಅರ್ಥ ಆಗಿಲ್ಲ. ಪದಾರ್ಥ ಜಾಸ್ತಿ ಇದ್ದರೂ ವೇಗ ಅಷ್ಟೇ ಇರೋದು ಹೇಗೆ?

ಆಲೆಮನೆಯಣ್ಣ, ಪಾಂಡವಪುರ ಕಡೆ

ಗಾಣದ ಮುಂದೆ ಎರಡು ಟ್ರಾಕ್ಟರ್ ಕಬ್ಬು ನಿಂತಿದ್ರೂ, ಹನ್ನೆರಡು ನಿಂತಿದ್ರೂ ಗಾಣ ಗಂಟೆಗೆ ಅರೆಯೋದು ಅಷ್ಟೇ ತಂಗಿ. ಅದರ ಬಾಯಿ ಅಷ್ಟೇ ಅಗಲ.

ಕೆಮಿಸ್ಟ್ರಿ ಮೇಡಂ, ಮೈಸೂರು

ಮಿಖಾಯೆಲಿಸ್, ಮೆಂಟೆನ್ 1913ರಲ್ಲಿ ಬರೆದದ್ದರ ತಿರುಳನ್ನು ಅಣ್ಣ ಎರಡೇ ಸಾಲಿನಲ್ಲಿ ಹೇಳಿದರು. ಗಾಣವೇ ಕಿಣ್ವ. ಕಬ್ಬು ಕಡಿಮೆ ಇದ್ದಾಗ, ಅಂದರೆ ಗಾಣ ಖಾಲಿ ಹೊಡೆಯುವಾಗ, ಕಬ್ಬು ತಂದಷ್ಟೂ ಕೆಲಸ ಹೆಚ್ಚುತ್ತೆ. ಅದು ಫಸ್ಟ್ ಆರ್ಡರ್. ಸಾಲು ಬೆಳೆದ ಮೇಲೆ ವೇಗ ಗಾಣದ್ದೇ, ಅದು ಝೀರೋ ಆರ್ಡರ್. ಒಂದೇ ಕಿಣ್ವ, ಒಂದೇ ಸಕ್ಕರೆ, ಸಾಂದ್ರತೆ ಬದಲಾದಂತೆ ಆರ್ಡರ್ ಬದಲಾಗುತ್ತೆ. ಅದಕ್ಕೇ ಸಮೀಕರಣ ನೋಡಿ ಹೇಳಲಾಗುವುದಿಲ್ಲ, ಅಳೆದೇ ನೋಡಬೇಕು.

ಅಡುಗೆಮನೆ, ಸರಸ್ವತಿಪುರಂ

ನಾನು ಓದುತ್ತಾ ಕೂತಿದ್ದೆ, ನನ್ನದೂ ಒಂದು ಪ್ರಶ್ನೆ. ಏಪ್ರಿಲ್‌ನಲ್ಲಿ ಇಡ್ಲಿ ಹಿಟ್ಟು ರಾತ್ರಿ ರುಬ್ಬಿಟ್ಟರೆ ಬೆಳಗಾಗುವುದರಲ್ಲಿ ಉಕ್ಕಿ ಹುಳಿಯಾಗಿರುತ್ತೆ. ಡಿಸೆಂಬರ್‌ನಲ್ಲಿ ಹತ್ತು ಗಂಟೆಯಾದರೂ ಮೇಲೇಳಲ್ಲ. ಇದೂ ಅರೇನಿಯಸ್ ಲೆಕ್ಕವೇನಾ?

ಕೆಮಿಸ್ಟ್ರಿ ಮೇಡಂ, ಮೈಸೂರು

ಸ್ವಲ್ಪ ದೂರದವರೆಗೆ ಹೌದು ಅಕ್ಕ. ಹಿಟ್ಟಿನಲ್ಲಿ ಬೆಳೆಯುವುದು ಜೀವಿಗಳು, ಅವುಗಳ ಒಳಗೆ ಕೆಲಸ ಮಾಡುವುದು ಕಿಣ್ವಗಳು. ಬೆಚ್ಚಗಾದಂತೆ ವೇಗ ಏರುತ್ತೆ. ಆದರೆ ಒಂದು ಮಿತಿ ದಾಟಿದರೆ ಕಿಣ್ವದ ಆಕಾರವೇ ಬಿಚ್ಚಿಹೋಗುತ್ತೆ, ವೇಗ ಕುಸಿಯುತ್ತೆ. ಬೇಗ ಹುಳಿಯಾಗಲಿ ಅಂತ ಕುದಿಯುವ ನೀರು ಸುರಿದರೆ ಹಿಟ್ಟು ಏಳುವುದೇ ಇಲ್ಲ.

ಅಣ್ಣನ ಕಬ್ಬಿಗೂ ಇದನ್ನು ಹೊಂದಿಸಿ ನೋಡಿ. ಗದ್ದೆಯಲ್ಲಿ ಬಿಸಿಲು ಕಿಣ್ವದ ವೇಗ ಏರಿಸಿತು. ಕೊಪ್ಪರಿಗೆಗೆ ಬಂದು ಹಾಲು ಕುದಿ ಬಂದಾಗ ಕಿಣ್ವ ಸತ್ತಿತು, ಅಲ್ಲಿಂದ ಮುಂದೆ ಸಕ್ಕರೆ ಒಡೆದದ್ದು ಹುಳಿಯಿಂದ. ಒಂದೇ ಸಕ್ಕರೆ ಎರಡು ಬೇರೆ ದಾರಿಯಲ್ಲಿ ಹೋಗಿದೆ.

ಮೈಸೂರಿನವರಾದ ನಮಗೆ ಇಲ್ಲಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಕಡೆಯ ಮಾತೂ ಒಂದು ಗೊತ್ತಿರಬೇಕು. ಆಹಾರದ ಪೊಟ್ಟಣ ಎಷ್ಟು ತಿಂಗಳು ಚೆನ್ನಾಗಿರುತ್ತೆ ಅಂತ ತಿಳಿಯಲು ಅಷ್ಟೂ ತಿಂಗಳು ಕಾಯುವುದಿಲ್ಲ. ಹೆಚ್ಚು ಉಷ್ಣತೆಯಲ್ಲಿಟ್ಟು ಬೇಗ ಕೆಡಿಸಿ, ಅರೇನಿಯಸ್ ಸೂತ್ರ ಹಿಡಿದು ನಮ್ಮ ಅಟ್ಟದ ಉಷ್ಣತೆಗೆ ಲೆಕ್ಕ ಹಾಕುವ ಕ್ರಮ ಆಹಾರ ವಿಜ್ಞಾನದಲ್ಲಿದೆ.

ಸೆಕೆಂಡ್ ಪಿಯು, ಮಂಡ್ಯ

ಹತ್ತು ದಿನ ಆದ ಮೇಲೆ ಬರೀತಿದ್ದೀನಿ. ನಮ್ಮ ಕಾಲೇಜಿನ ಬೀರುವಿನಲ್ಲಿ ಒಂದು ಹಳೇ ಪೋಲಾರಿಮೀಟರ್ ಇತ್ತು! ಮೇಷ್ಟ್ರನ್ನು ಕೇಳಿ, ಒರೆಸಿ, ದೀಪ ಹಚ್ಚಿ ಅವರ ಎದುರಿಗೇ ಪ್ರಯೋಗ ಮಾಡಿದೆ. 40 ಗ್ರಾಂ ಸಕ್ಕರೆಯನ್ನು 100 ಮಿಲಿ ದ್ರಾವಣ ಮಾಡಿ, ಅಷ್ಟೇ ಪ್ರಮಾಣದ 2 ನಾರ್ಮಲ್ ಸಾಂದ್ರತೆಯ ಹೈಡ್ರೋಕ್ಲೋರಿಕ್ ಆಸಿಡ್ ಬೆರೆಸಿ ಕೊಳವೆಗೆ ತುಂಬಿದೆ. ಮೊದಲ ದಿನ ಎರಡು ಭಾಗ ಒಂದಾಗೋದು ಕಣ್ಣಿಗೆ ಕಾಣಲೇ ಇಲ್ಲ. ಎರಡನೇ ದಿನ ಹಿಡಿತಕ್ಕೆ ಬಂತು.

ರೀಡಿಂಗ್ ಇಳೀತಾ ಬಂದು +9 ದಾಟಿದ್ದು ನಲವತ್ತು ನಿಮಿಷದ ಆಸುಪಾಸು. ಸೊನ್ನೆಗೆ ಬಂದದ್ದು ಎಂಬತ್ತೈದರ ಹತ್ತಿರ. ಸರ್ ಹೇಳಿದ್ದು ನೆನಪಾಯ್ತು: ಸೊನ್ನೆಯಲ್ಲಿ ಕಾಲು ಭಾಗ ಉಳಿದಿರಬೇಕು, ಅಂದರೆ ಎರಡು ಅರ್ಧಾಯು. ನಲವತ್ತರ ಎರಡರಷ್ಟು ಎಂಬತ್ತು! ಮೈಮೇಲೆ ಮುಳ್ಳೆದ್ದಿತು. ಕೊನೆಯ ರೀಡಿಂಗ್‌ಗೆ ಮಾರನೇ ದಿನದವರೆಗೆ ಬಿಟ್ಟೆ, −8 ಬಂತು.

ಪ್ರತಿ ರೀಡಿಂಗ್‌ನಿಂದ ಕೊನೆಯದನ್ನು ಕಳೆದು, ಲಾಗ್ ತೆಗೆದು ಗ್ರಾಫ್ ಹಾಕಿದೆ. ಗೆರೆ ನೆಟ್ಟಗೆ ಬಂತು. ಆದರೆ ಮೊದಲ ಎರಡು ಪಾಯಿಂಟ್ ಮಾತ್ರ ಗೆರೆಯ ಮೇಲ್ಗಡೆ ನಿಂತಿವೆ. ಎಷ್ಟು ಸಲ ಲೆಕ್ಕ ಮಾಡಿದರೂ ಅಲ್ಲೇ. ಅವನ್ನು ತೆಗೆದುಬಿಡಲಾ?

ನಿವೃತ್ತ ಶುಗರ್ ಕೆಮಿಸ್ಟ್, ಮಂಡ್ಯ

ಅಳಿಸಬೇಡ ಕೂಸೇ. ಮೊದಲು ಒಂದು ಹೇಳು. ಸಕ್ಕರೆ ಕರಗಿಸಲು ಬಿಸಿನೀರು ಹಾಕಿದ್ಯಾ?

ಸೆಕೆಂಡ್ ಪಿಯು, ಮಂಡ್ಯ

ಹೌದು ಸರ್. 40 ಗ್ರಾಂ ಬೇಗ ಕರಗಲಿಲ್ಲ ಅಂತ ಬಿಸಿನೀರು ಹಾಕಿ ಅಲ್ಲಾಡಿಸಿದೆ. ಫ್ಲಾಸ್ಕ್ ಕೈಗೆ ಬೆಚ್ಚಗೆ ಇರುವಾಗಲೇ ಆಸಿಡ್ ಬೆರೆಸಿದೆ.

ನಿವೃತ್ತ ಶುಗರ್ ಕೆಮಿಸ್ಟ್, ಮಂಡ್ಯ

ಅದೇ ನೋಡು. ಶುರುವಿನಲ್ಲಿ ದ್ರಾವಣ ಬೆಚ್ಚಗಿತ್ತು, ಕಾನ್ಸ್ಟಂಟ್ ದೊಡ್ಡದಿತ್ತು, ಸಕ್ಕರೆ ಬೇಗ ಬೇಗ ಒಡೆಯಿತು. ತಣ್ಣಗಾದ ಮೇಲೆ ವೇಗ ಇಳಿದು ನಿನ್ನ ಗೆರೆ ನೆಲೆಗೆ ಬಂತು. ನೆಲೆಗೆ ಬಂದ ಗೆರೆಯನ್ನು ಹಿಂದಕ್ಕೆ ಎಳೆದರೆ ಆ ಮೊದಲ ಪಾಯಿಂಟ್‌ಗಳು ಮೇಲ್ಗಡೆಯೇ ಉಳಿಯುತ್ತವೆ. ಹತ್ತು ಡಿಗ್ರಿಗೆ ನಾಲ್ಕರಷ್ಟು ಅಂತ ಗಂಗೋತ್ರಿಯ ಹುಡುಗ ಬರೆದಿದ್ದನಲ್ಲ, ಐದು ಡಿಗ್ರಿಗೇ ಎರಡರಷ್ಟು ಆಯಿತು. ನಿನ್ನ ಗ್ರಾಫಿನಲ್ಲಿ ಅರೇನಿಯಸ್ ತಾನಾಗಿಯೇ ಬಂದು ಕೂತಿದ್ದಾನೆ.

ಮುಂದಿನ ಸಲ ಸಕ್ಕರೆ ದ್ರಾವಣ, ಆಸಿಡ್ ಎರಡೂ ಫ್ಲಾಸ್ಕನ್ನು ಒಂದೇ ಬಕೆಟ್ ನೀರಿನಲ್ಲಿ ಅರ್ಧ ಗಂಟೆ ಇಟ್ಟು ಆಮೇಲೆ ಬೆರೆಸು. ಈ ಎರಡು ಪಾಯಿಂಟಿನ ಪಕ್ಕದಲ್ಲಿ ‘ಬಿಸಿನೀರು’ ಅಂತ ಸಣ್ಣದಾಗಿ ಬರೆದಿಡು.

ಸೆಕೆಂಡ್ ಪಿಯು, ಮಂಡ್ಯ

ಬರೆದೆ ಸರ್. ಶನಿವಾರ ಮತ್ತೆ ಮಾಡ್ತೀನಿ, ಈ ಸಲ ಥರ್ಮಾಮೀಟರ್ ಇಟ್ಟುಕೊಂಡು.

ಆಲೆಮನೆಯಣ್ಣ, ಪಾಂಡವಪುರ ಕಡೆ

ತಂಗಿ, ಭಾನುವಾರ ಬಿಡುವಿದ್ರೆ ಮನೆಯವ್ರ ಜೊತೆ ನಮ್ಮ ಆಲೆಮನೆ ಕಡೆ ಬಾ. ಅವತ್ತೇ ಕಡಿದ ಕಬ್ಬಿನ ಹಾಲು ಒಂದು ಬಾಟ್ಲಿ, ಮೂರು ದಿನ ಬಿಸಿಲಲ್ಲಿ ಇಟ್ಟ ಕಬ್ಬಿನ ಹಾಲು ಒಂದು ಬಾಟ್ಲಿ ತೆಗೆದಿಡ್ತೀನಿ. ಹತ್ತು ಜಲ್ಲೆ ನಾನೇ ಬೇಕಂತ ಕಡಿದು ಮೂಲೇಲಿ ಹಾಕಿದ್ದೀನಿ. ಬ್ರಿಕ್ಸ್ ನಾನು ನೋಡಿರ್ತೀನಿ, ನಿನ್ನ ಕೊಳವೇಲಿ ಎಷ್ಟು ಬತ್ತದೆ ಅಂತ ನೀನು ನೋಡಿ ಹೇಳು.